ಓಕ್ ಸತ್ತ ಜಾಗದಲ್ಲಿ ಏನು ನೆಡಬೇಕು? ಮೆನೋಮಿನಿ ಕಾಡು ಮತ್ತು ಅದರ ಕಾಲೇಜಿನ ಒಂದು ಪ್ರಕರಣ ಅಧ್ಯಯನ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈಶಾನ್ಯ ಭಾಗದಲ್ಲಿ ಒಂದು ದಟ್ಟ ಕಾಡಿದೆ. ಮೇಪಲ್, ಹೆಮ್ಲಾಕ್, ಬಿಳಿ ಪೈನ್, ಓಕ್ ಮರಗಳ ಕಾಡು. ಅದರೊಳಗೆ ಅಲ್ಲಲ್ಲಿ ಬಯಲಾದ ಜಾಗಗಳಿವೆ. ಅಲ್ಲಿ ಮರ ಇಲ್ಲ, ಮರದ ಬುಡವೂ ಇಲ್ಲ. ಬುಡ ಕಿತ್ತದ್ದರಿಂದ ಮಣ್ಣು ಅಡಿಮೇಲಾಗಿದೆ. ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಇದು ಮರಗಳ್ಳರ ಕೆಲಸ ಅಲ್ಲ. ಕಾಡನ್ನು ಉಳಿಸಬೇಕು ಅಂತ ಕಾಡಿನ ಒಡೆಯರೇ ಮಾಡಿದ ಬಯಲುಗಳು ಇವು. ಅಲ್ಲಿ ಓಕ್ ಮರಗಳಿದ್ದವು. ಅವಕ್ಕೆ ಸೊರಗು ರೋಗ ಬಂದಿತ್ತು.

ಈಗ ಆ ಜಾಗದಲ್ಲಿ ಏನು ನೆಡಬೇಕು?

ಈ ಕಾಡು ಮೆನೋಮಿನಿ ಬುಡಕಟ್ಟಿನದು. ಅಲ್ಲಿಯ ಕೆಶೀನಾ ಎಂಬ ಊರಿನಲ್ಲಿ ಬುಡಕಟ್ಟಿನವರೇ ಕಟ್ಟಿ ನಡೆಸುವ ಒಂದು ಸಣ್ಣ ಕಾಲೇಜಿದೆ. ಹೆಸರು ಕಾಲೇಜ್ ಆಫ್ ಮೆನೋಮಿನಿ ನೇಷನ್. 1993ರಲ್ಲಿ ಶುರುವಾದದ್ದು. ವಿದ್ಯಾರ್ಥಿಗಳು ಕೆಲವೇ ನೂರು. ನಮ್ಮ ಎಷ್ಟೋ ತಾಲ್ಲೂಕು ಕೇಂದ್ರಗಳ ಡಿಗ್ರಿ ಕಾಲೇಜುಗಳಲ್ಲಿ ಇದಕ್ಕಿಂತ ಜಾಸ್ತಿ ಮಕ್ಕಳಿರುತ್ತಾರೆ. ಆದರೆ ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ ಕಲಿಸುವ ಕಾಲೇಜುಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ.

ಕಾರಣ ಇಷ್ಟೆ. ಸಾಮಾನ್ಯವಾಗಿ ಈ ವಿಷಯದ ಪಾಠ ಮಣ್ಣಿನಿಂದಲೋ, ಮರಗಳ ಹೆಸರಿನಿಂದಲೋ ಶುರುವಾಗುತ್ತದೆ. ಇಲ್ಲಿ ಅದು ಬೇರೆ ಕಡೆಯಿಂದ ಶುರುವಾಗುತ್ತದೆ. ಈ ನೆಲ ಯಾರದು? ಇದರ ಬಗ್ಗೆ ತೀರ್ಮಾನ ಮಾಡುವವರು ಯಾರು? ಕೇಳಿದರೆ ಇದು ರಾಜಕೀಯದ ಪ್ರಶ್ನೆ ಅನಿಸಬಹುದು. ಆದರೆ ಒಂದು ಸಸಿ ಬದುಕುತ್ತದೋ ಸಾಯುತ್ತದೋ ಅನ್ನುವುದು ಕೂಡ ಕೊನೆಗೆ ಈ ಪ್ರಶ್ನೆಯ ಮೇಲೇ ನಿಂತಿರುತ್ತದೆ. ಆ ಬಯಲುಗಳನ್ನೇ ಇಟ್ಟುಕೊಂಡು ಅದನ್ನು ತೋರಿಸಲು ಪ್ರಯತ್ನ ಮಾಡುತ್ತೇನೆ.

ರೋಗ

ಓಕ್ ಸೊರಗು ರೋಗಕ್ಕೆ ಕಾರಣ ಒಂದು ಶಿಲೀಂಧ್ರ. 1940ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲೇ ಇದನ್ನು ಮೊದಲು ಗುರುತಿಸಿದರು. ಮರದೊಳಗೆ ನೀರು ಏರುವ ಕೊಳವೆಗಳಲ್ಲಿ ಅದು ಬೆಳೆಯುತ್ತದೆ. ಸೋಂಕು ಮುಂದೆ ಹೋಗದಿರಲಿ ಅಂತ ಮರ ಆ ಕೊಳವೆಗಳನ್ನು ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಿಕೊಂಡು, ಮೇಲಕ್ಕೆ ನೀರು ಸಿಗದೆ ತಾನೇ ಒಣಗುತ್ತದೆ. ಕೆಂಪು ಓಕ್ ಗುಂಪಿನ ಮರಗಳಿಗೆ ತಡೆಯುವ ಶಕ್ತಿ ತೀರಾ ಕಡಿಮೆ. ಬೇಸಿಗೆಯಲ್ಲಿ ಎಲೆ ಬಾಡಲು ಶುರುವಾದರೆ ಕೆಲವೇ ವಾರಗಳಲ್ಲಿ ಮರದ ಕಥೆ ಮುಗಿಯಿತು. ಬಿಳಿ ಓಕ್ ಸ್ವಲ್ಪ ಕಾಲ ತಾಳುತ್ತದೆ.

ರೋಗ ಹರಡಲು ಎರಡು ದಾರಿ. ಮೊದಲನೆಯದು ನೆಲದ ಮೇಲೆ, ಹುಳುಗಳ ಮೂಲಕ. ಸತ್ತ ಮರದ ತೊಗಟೆಯ ಕೆಳಗೆ ಶಿಲೀಂಧ್ರ ಚಾಪೆಯ ಹಾಗೆ ಬೆಳೆದು ಹಣ್ಣಿನ ವಾಸನೆ ಬೀರುತ್ತದೆ. ಆ ವಾಸನೆಗೆ ಸಣ್ಣ ಜೀರುಂಡೆಗಳು ಬರುತ್ತವೆ. ಮೈಗೆ ಬೀಜಕಣ ಅಂಟಿಸಿಕೊಂಡು ಹೋಗಿ ಇನ್ನೊಂದು ಓಕ್ ಮರದ ಹಸಿ ಗಾಯದ ಮೇಲೆ ಕೂರುತ್ತವೆ. ಅದಕ್ಕೇ ಅಲ್ಲಿ ವಸಂತದಿಂದ ನಡು ಬೇಸಿಗೆಯವರೆಗೆ ಓಕ್ ಮರದ ಕೊಂಬೆ ಸವರಬಾರದು ಅಂತ ಹೇಳುತ್ತಾರೆ. ಎರಡನೆಯದು ನೆಲದಡಿಯ ದಾರಿ. ಹತ್ತಿರ ಹತ್ತಿರ ಬೆಳೆದ ಓಕ್ ಮರಗಳ ಬೇರುಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಮೇಲೆ ನೋಡಿದರೆ ಬೇರೆ ಬೇರೆ ಮರ. ಕೆಳಗೆ ಒಂದೇ ಮೈ. ಒಂದಕ್ಕೆ ಬಂದ ರೋಗ ಆ ಬೆಸುಗೆಯ ಮೂಲಕ ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಸುತ್ತು ಸುತ್ತಾಗಿ ಹಬ್ಬುತ್ತದೆ.

ಅಡಿಕೆ ತೋಟ ಇರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಣಬೆ ರೋಗ ಬಂದ ಮರದ ಸುತ್ತ ಕಾಲುವೆ ತೋಡುತ್ತೇವಲ್ಲ, ಪಕ್ಕದ ಮರದ ಬೇರಿಗೆ ದಾಟದಿರಲಿ ಅಂತ? ಶಿಲೀಂಧ್ರ ಬೇರೆ, ಉಪಾಯ ಅದೇ. ಮೆನೋಮಿನಿ ಕಾಡಿನಲ್ಲಿ ಅದರ ರೂಪ ಇನ್ನೂ ಕಠಿಣ. ರೋಗದ ಮರದ ಜೊತೆ ಸುತ್ತಲಿನ ಓಕ್‌ಗಳನ್ನೂ ಕಡಿದು, ಯಂತ್ರ ತಂದು ಬುಡ ಸಮೇತ ಕಿತ್ತು ತೆಗೆಯುತ್ತಾರೆ. ಬೇರಿನ ನಂಟು ಕಡಿದುಹೋಗುತ್ತದೆ, ರೋಗ ನಿಲ್ಲುತ್ತದೆ. ಆದರೆ ಕದಡಿದ ಮಣ್ಣು ಮತ್ತು ಬಿಸಿಲು ಉಳಿಯುತ್ತವೆ. ಸುಮ್ನೆ ಬಿಟ್ಟರೆ ಅಲ್ಲಿಗೆ ಮೊದಲು ಬರುವುದು ಕಳೆ.

ಈ ಬಯಲುಗಳನ್ನು ಮತ್ತೆ ಕಾಡು ಮಾಡುವ ಕೆಲಸಕ್ಕೆ ಮೂರು ಕಡೆಯವರು ಕೈಜೋಡಿಸಿದರು. ಬುಡಕಟ್ಟಿನದೇ ಆದ ಮರದ ಉದ್ಯಮ, ಮೆನೋಮಿನಿ ಟ್ರೈಬಲ್ ಎಂಟರ್‌ಪ್ರೈಸಸ್. ಕಾಲೇಜಿನ ಸಸ್ಟೈನಬಲ್ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್. ಜೊತೆಗೆ ಅಮೆರಿಕದ ಅರಣ್ಯ ಇಲಾಖೆಯ ಹವಾಮಾನ ತಜ್ಞರು. ಕೆಲಸದ ಬಗ್ಗೆ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಕಾಡು ಇಂದಿಗೂ ಯಾಕೆ ಇದೆ ಅನ್ನುವುದು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಅಲ್ಲಿನ ವಿದ್ಯಾರ್ಥಿ ಗುದ್ದಲಿ ಹಿಡಿಯುವುದಿಲ್ಲ.

ಕಡಿದರೂ ಮುಗಿಯದ ಕಾಡು

ಮೆನೋಮಿನಿ ಅಂದರೆ ಕಾಡು ಅಕ್ಕಿಯ ಜನ. ಕೆರೆಗಳಲ್ಲಿ ತಾನೇ ಬೆಳೆಯುವ ಆ ಅಕ್ಕಿ ಅವರ ಆಹಾರ, ಅದೇ ಅವರ ಹೆಸರು. ಹಿಂದೆ ಅವರ ನೆಲ ಸುಮಾರು ಒಂದು ಕೋಟಿ ಎಕರೆ. ಒಪ್ಪಂದದ ಮೇಲೆ ಒಪ್ಪಂದ ಮಾಡಿಸಿ ಅದನ್ನು ಕಿತ್ತುಕೊಂಡರು. 1836ರ ಒಂದೇ ಒಪ್ಪಂದದಲ್ಲಿ ಸುಮಾರು 40 ಲಕ್ಷ ಎಕರೆ ಹೋಯಿತು. 1848ರಲ್ಲಿ, ಉಳಿದದ್ದನ್ನೂ ಬಿಟ್ಟು ಮಿನೆಸೋಟಾದ ಕ್ರೋ ವಿಂಗ್ ಎಂಬ ಕಡೆಗೆ ಹೊರಡಿ ಅಂದರು. 1850ರಲ್ಲಿ ಮುಖಂಡ ಓಶ್‌ಕಾಶ್ ಮತ್ತು ಜೊತೆಯವರು ಆ ಜಾಗಕ್ಕೆ ಹೋಗಿ ಕಣ್ಣಾರೆ ನೋಡಿ ಬಂದರು. ವಿಸ್ಕಾನ್ಸಿನ್‌ನ ಅತಿ ಬಡ ನೆಲವೂ ಅದಕ್ಕಿಂತ ಮೇಲು ಅಂದರು. ಹೋಗುವುದಿಲ್ಲ ಅಂದರು. ಹೋಗಲೂ ಇಲ್ಲ. 1854ರಲ್ಲಿ ವುಲ್ಫ್ ನದಿಯ ಒಪ್ಪಂದವಾಗಿ ಈಗಿರುವ ಜಾಗ ಬುಡಕಟ್ಟಿನ ಮೀಸಲು ಪ್ರದೇಶವಾಗಿ ಅವರಿಗೆ ಉಳಿಯಿತು. ಇಂದು ಅದು ಸುಮಾರು 2.35 ಲಕ್ಷ ಎಕರೆ. ಅದರಲ್ಲಿ ಹೆಚ್ಚುಕಡಿಮೆ 2.2 ಲಕ್ಷ ಎಕರೆ ಕಾಡು.

ಈ ಕಾಡು ಮುಟ್ಟದೆ ಇಟ್ಟ ಕಾಡಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು. ಕಾಡು ಉಳಿಯಬೇಕಾದರೆ ಜನ ಹೊರಗಿರಬೇಕು ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಮೆನೋಮಿನಿ ಜನ 150 ವರ್ಷಕ್ಕೂ ಹೆಚ್ಚು ಕಾಲದಿಂದ ಇಲ್ಲಿ ಮರ ಕಡಿದು ಮಾರುತ್ತಿದ್ದಾರೆ. ನಿಯೋಪಿಟ್ ಎಂಬ ಊರಿನಲ್ಲಿ ಅವರದೇ ದೊಡ್ಡ ಸಾಮಿಲ್ ಇದೆ. ಅಲ್ಲಿ ಮರವನ್ನು ಬೋರ್ಡ್ ಫೀಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಂಗುಲ ದಪ್ಪದ ಹಲಗೆ ಅಂದರೆ ಒಂದು ಬೋರ್ಡ್ ಫೀಟ್. 1854ರಲ್ಲಿ ಕಾಡಿನಲ್ಲಿ ಸುಮಾರು 120 ಕೋಟಿ ಬೋರ್ಡ್ ಫೀಟ್ ಮರ ನಿಂತಿತ್ತು ಅಂತ ಅಂದಾಜು. ಅಲ್ಲಿಂದ ಇಲ್ಲಿಯವರೆಗೆ 200 ಕೋಟಿಗೂ ಜಾಸ್ತಿ ಕಡಿದಿದ್ದಾರೆ. ಆದರೂ ಇಂದು ನಿಂತಿರುವ ಮರ 1854ರಲ್ಲಿ ಇದ್ದದ್ದಕ್ಕಿಂತ ಜಾಸ್ತಿ! ಉಪಗ್ರಹದ ಚಿತ್ರದಲ್ಲಿ ನೋಡಿದರೆ ಸುತ್ತಲಿನ ಹೊಲಗಳ ನಡುವೆ ಮೀಸಲು ಪ್ರದೇಶದ ಗಡಿ ಗೆರೆ ಎಳೆದ ಹಾಗೆ ಕಡು ಹಸಿರಾಗಿ ಕಾಣುತ್ತದೆ.

ಇದರ ಹಿಂದಿನ ನಿಯಮ ಓಶ್‌ಕಾಶ್ ಹೇಳಿದ್ದು ಅಂತ ಅವರ ಜನ ಇಂದಿಗೂ ಹೇಳುತ್ತಾರೆ. ಸೂರ್ಯ ಹುಟ್ಟುವ ದಿಕ್ಕಿನಿಂದ ಮುಳುಗುವ ದಿಕ್ಕಿಗೆ ಕಡಿಯುತ್ತಾ ಹೋಗಿ. ಬಲಿತ ಮರ, ರೋಗದ ಮರ, ಬಿದ್ದ ಮರ ಇಷ್ಟನ್ನೇ ತೆಗೆಯಿರಿ. ಗಡಿ ಮುಟ್ಟಿದ ಮೇಲೆ ತಿರುಗಿ ಬನ್ನಿ. ಅಷ್ಟರಲ್ಲಿ ಕಾಡು ಮತ್ತೆ ತಯಾರಾಗಿರುತ್ತದೆ. ಇಂದಿನ ಅರಣ್ಯ ಶಾಸ್ತ್ರದ ಭಾಷೆಯಲ್ಲಿ ಇದಕ್ಕೆ ಆಯ್ದು ಕಡಿಯುವುದು ಅನ್ನಬಹುದು. ಎಲ್ಲ ಕಡೆಯೂ ಒಂದೇ ವಿಧಾನ ಅಂತ ಅಲ್ಲ. ಬಿಳಿ ಪೈನ್‌ಗೆ ಬಿಸಿಲು ಬೇಕು, ಅಲ್ಲಿ ಬೇರೆ ಕ್ರಮ. ಮೇಪಲ್ ನೆರಳಲ್ಲೇ ಹುಟ್ಟುತ್ತದೆ, ಅಲ್ಲಿ ಇನ್ನೊಂದು ಕ್ರಮ. 1950ರ ದಶಕದಿಂದ ಕಾಡಿನ ಉದ್ದಗಲಕ್ಕೂ ಗುರುತು ಮಾಡಿದ ತಾಕುಗಳಿವೆ. ಅದೇ ಜಾಗಗಳಿಗೆ ಮತ್ತೆ ಮತ್ತೆ ಹೋಗಿ ಮರಗಳ ಸುತ್ತಳತೆ ಬರೆದುಕೊಳ್ಳುತ್ತಾರೆ. ಎಷ್ಟು ಬೆಳೆಯಿತು ಅಂತ ಗೊತ್ತಾದ ಮೇಲೆ ಎಷ್ಟು ಕಡಿಯಬೇಕು ಅನ್ನುವ ತೀರ್ಮಾನ.

1954ರ ಏಟು

ಇಷ್ಟು ಕೇಳಿ ಇದು ನೆಮ್ಮದಿಯ ಕಥೆ ಅಂದುಕೊಳ್ಳಬೇಡಿ. 1905ರ ಬಿರುಗಾಳಿಗೆ ಇಲ್ಲಿ ಅಪಾರ ಮರ ಉರುಳಿತು. ಆಮೇಲೆ 1908ರಲ್ಲಿ ಬಂದ ಕಾನೂನು ವರ್ಷಕ್ಕೆ 2 ಕೋಟಿ ಬೋರ್ಡ್ ಫೀಟ್ ಕಡಿಯಬಹುದು, ಬಲಿತ ಮರಗಳನ್ನು ಮಾತ್ರ ಆರಿಸಿ ಕಡಿಯಬೇಕು ಅಂತ ಹೇಳಿತು. ನಡೆಸುವ ಅಧಿಕಾರ ಮಾತ್ರ ಸರ್ಕಾರಿ ಅಧಿಕಾರಿಗಳ ಕೈಯಲ್ಲಿತ್ತು. ಅವರು ಎಷ್ಟೋ ಕಡೆ ಕಾಡನ್ನು ಬೋಳಿಸಿದರು. ಮೆನೋಮಿನಿ ಜನ ಕೋರ್ಟಿಗೆ ಹೋದರು. 1951ರಲ್ಲಿ 85 ಲಕ್ಷ ಡಾಲರ್ ಪರಿಹಾರ ಸಿಕ್ಕಿತು.

ಆ ದುಡ್ಡೇ ಉರುಳಾಯಿತು. ತಲಾ 1,500 ಡಾಲರ್ ಹಂಚಿಕೊಳ್ಳಲು ಬುಡಕಟ್ಟಿನವರು ಅನುಮತಿ ಕೇಳಿದರು. ಅವರದೇ ದುಡ್ಡು, ಆದರೂ ಅನುಮತಿ ಬೇಕಿತ್ತು. ಸೆನೆಟರ್ ಆರ್ಥರ್ ವಾಟ್ಕಿನ್ಸ್ ಒಂದು ಷರತ್ತು ಹಾಕಿದರು. ಬುಡಕಟ್ಟು ಅನ್ನುವ ಮಾನ್ಯತೆಯನ್ನೇ ಬಿಡಬೇಕು. ಸರ್ಕಾರ ಇದನ್ನು ಟರ್ಮಿನೇಷನ್ ಅಂತ ಕರೆಯಿತು. 1953ರ ಜೂನ್‌ನಲ್ಲಿ ಒಂದು ಸಭೆ ನಡೆದು 169 ಜನ ಪರವಾಗಿ, 5 ಜನ ವಿರುದ್ಧವಾಗಿ ಮತ ಹಾಕಿದರು. ಬುಡಕಟ್ಟಿನಲ್ಲಿದ್ದದ್ದು 3,000ಕ್ಕೂ ಹೆಚ್ಚು ಜನ. ಏನು ನಡೆದಿದೆ ಅಂತ ಅರ್ಥವಾದ ಮೇಲೆ ಇನ್ನೊಮ್ಮೆ ಸೇರಿ 197-0 ಮತದಿಂದ ಅದನ್ನು ತಿರಸ್ಕರಿಸಿದರು. ಯಾರೂ ಕೇಳಲಿಲ್ಲ. 1954ರಲ್ಲಿ ಕಾನೂನು ಆಯಿತು, 1961ರಲ್ಲಿ ಜಾರಿಗೆ ಬಂತು. ಮೀಸಲು ಪ್ರದೇಶ ಹೋಗಿ ಅದು ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಥರದ ಆಡಳಿತ ಘಟಕ, ಆಯಿತು. ತಮ್ಮ ಕಾಡಿನ ದುಡ್ಡಿನಲ್ಲೇ ಆಸ್ಪತ್ರೆ ನಡೆಸುತ್ತಿದ್ದ ಜನ ಅವರು. ಆಸ್ಪತ್ರೆ ಮುಚ್ಚಿತು. ಕೌಂಟಿ ಇಡೀ ರಾಜ್ಯದಲ್ಲೇ ಬಡ ಕೌಂಟಿ ಆಯಿತು. ತೆರಿಗೆ ಕಟ್ಟಲು ದುಡ್ಡಿಲ್ಲದೆ, ಕೆರೆಗಳನ್ನು ಸೇರಿಸಿ ಲೆಜೆಂಡ್ ಲೇಕ್ ಅನ್ನುವ ದೊಡ್ಡ ಸರೋವರ ಮಾಡಿ, ಅದರ ದಡದ ಸೈಟುಗಳನ್ನು ಹೊರಗಿನವರಿಗೆ ಮಾರಲು ಶುರು ಮಾಡಿದರು.

ಜನ ಎದ್ದದ್ದು ಆಗ. ಬುಡಕಟ್ಟಿನ ಹೋರಾಟಗಾರ್ತಿ ಏಡಾ ಡಿಯರ್ ಮೊದಲಾದವರು 1970ರ ಹೊತ್ತಿಗೆ ಸಂಘಟನೆ ಕಟ್ಟಿದರು. ರಾಜಧಾನಿ ಮ್ಯಾಡಿಸನ್‌ಗೆ ಕಾಲ್ನಡಿಗೆಯಲ್ಲಿ ಹೋದರು, ವಾಷಿಂಗ್ಟನ್‌ನಲ್ಲಿ ಬಾಗಿಲು ಬಾಗಿಲು ತಟ್ಟಿದರು. 1973ರ ಡಿಸೆಂಬರ್ 22ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಬುಡಕಟ್ಟಿಗೆ ಮಾನ್ಯತೆ ಮರಳಿತು, ಕಾಡೂ ಮರಳಿತು.

ಈ ಮಧ್ಯೆ ಇನ್ನೊಂದು ಮೊಕದ್ದಮೆ ನಡೆದಿತ್ತು. ಟರ್ಮಿನೇಷನ್ ಆಗಿದೆ, ಆದ್ದರಿಂದ ಇನ್ನು ಬೇಟೆಗೂ ಮೀನಿಗೂ ನಮ್ಮ ನಿಯಮವೇ ಅಂತ ವಿಸ್ಕಾನ್ಸಿನ್ ರಾಜ್ಯ ಹೇಳಿತು. 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. 1854ರ ಒಪ್ಪಂದದಿಂದ ಬಂದ ಬೇಟೆ ಮತ್ತು ಮೀನಿನ ಹಕ್ಕು ಮೆನೋಮಿನಿ ಜನರಿಗೆ ಹಾಗೇ ಉಳಿದಿದೆ ಅಂತ ತೀರ್ಪು ಕೊಟ್ಟಿತು. ಈ ತೀರ್ಪನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಾಲೇಜು ಹುಟ್ಟಿದ ರೀತಿ

ಮಾನ್ಯತೆ ಮರಳಿ 20 ವರ್ಷ ಆದ ಮೇಲೆ, 1993ರಲ್ಲಿ, ಬುಡಕಟ್ಟಿನ ಶಾಸನ ಸಭೆ ಕಾಲೇಜು ತೆರೆಯಿತು. ಮೊದಲ ಅಧ್ಯಕ್ಷೆ ವರ್ನಾ ಫೌಲರ್ ಅದೇ ಬುಡಕಟ್ಟಿನವರು. ಎರಡು ದಶಕಕ್ಕೂ ಹೆಚ್ಚು ಕಾಲ ಅವರೇ ಅದನ್ನು ಬೆಳೆಸಿದರು. ಸಸ್ಟೈನಬಲ್ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಕೂಡ ಅದೇ ವರ್ಷ ಹುಟ್ಟಿತು.

ಮರು ವರ್ಷ, 1994ರಲ್ಲಿ, ದೊಡ್ಡ ಬದಲಾವಣೆ ಆಯಿತು. ಅಮೆರಿಕದಲ್ಲಿ ಲ್ಯಾಂಡ್ ಗ್ರಾಂಟ್ ಕಾಲೇಜು ಅಂತ ಒಂದು ವ್ಯವಸ್ಥೆ ಇದೆ. 1862ರಲ್ಲಿ ಸರ್ಕಾರ ಪ್ರತಿ ರಾಜ್ಯಕ್ಕೂ ಅದರ ಒಬ್ಬೊಬ್ಬ ಸಂಸದನ ಲೆಕ್ಕಕ್ಕೆ 30,000 ಎಕರೆ ಜಮೀನು ಕೊಟ್ಟು, ಮಾರಿ ಕೃಷಿ ಕಾಲೇಜು ಕಟ್ಟಿಕೊಳ್ಳಿ ಅಂತ ಹೇಳಿತು. ಆಗ 8 ಸಂಸದರಿದ್ದ ವಿಸ್ಕಾನ್ಸಿನ್ ಪಾಲಿಗೆ 2.4 ಲಕ್ಷ ಎಕರೆ. ಆ ಜಮೀನು ಆಕಾಶದಿಂದ ಬಿದ್ದದ್ದಲ್ಲ. ಮೆನೋಮಿನಿ ಮತ್ತು ಒಜಿಬ್ವೆ ಜನ ಕಳೆದುಕೊಂಡ ನೆಲವೂ ಅದರಲ್ಲಿತ್ತು. ಆ 2.4 ಲಕ್ಷವನ್ನೂ ಈಗ ಮೆನೋಮಿನಿ ಕೈಯಲ್ಲಿ ಉಳಿದಿರುವ 2.35 ಲಕ್ಷವನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ನನಗಂತೂ ಮನಸ್ಸು ಭಾರವಾಗುತ್ತದೆ. 1994ರಲ್ಲಿ 29 ಬುಡಕಟ್ಟು ಕಾಲೇಜುಗಳನ್ನು ಇದೇ ವ್ಯವಸ್ಥೆಗೆ ಸೇರಿಸಿದರು. 132 ವರ್ಷ ತಡವಾಗಿ. ಅವಕ್ಕೆ ಜಮೀನು ಕೊಡಲಿಲ್ಲ. ಒಂದು ನಿಧಿ ಇಟ್ಟು ಅದರ ಬಡ್ಡಿಯನ್ನು ಹಂಚುವ ಏರ್ಪಾಡು ಮಾಡಿದರು.

ಇನ್‌ಸ್ಟಿಟ್ಯೂಟ್ ತನ್ನ ಪಾಠಕ್ಕೂ ಸಂಶೋಧನೆಗೂ ಒಂದು ಚೌಕಟ್ಟು ಮಾಡಿಕೊಂಡಿದೆ. ಅದರಲ್ಲಿ ಆರು ಮುಖಗಳು. ನೆಲ ಮತ್ತು ಅದರ ಮೇಲಿನ ಅಧಿಕಾರ, ನೈಸರ್ಗಿಕ ಪರಿಸರ, ಸಂಸ್ಥೆಗಳು, ತಂತ್ರಜ್ಞಾನ, ಆರ್ಥಿಕತೆ, ಮನುಷ್ಯರ ನೋಟ ಮತ್ತು ನಡವಳಿಕೆ. ಈ ಆರರ ನಡುವೆ ಎಳೆದಾಟ ಇದ್ದೇ ಇರುತ್ತದೆ. ಒಂದು ಕಡೆಯ ಗಂಟು ಬಿಡಿಸಿದರೆ ಇನ್ನೊಂದು ಕಡೆ ಹೊಸ ಗಂಟು ಬೀಳುತ್ತದೆ. ಎಳೆದಾಟವನ್ನು ಸಂಭಾಳಿಸುತ್ತಾ ಹೋಗುವ ಕೆಲಸಕ್ಕೇ ಅವರು ಸುಸ್ಥಿರತೆ ಅನ್ನುತ್ತಾರೆ. ಒಂದು ದಿನ ಮುಟ್ಟಿ ಕೂರುವ ಊರು ಅಂತ ಅದನ್ನು ನೋಡುವುದಿಲ್ಲ.

ಮೊದಲು ಓದಿದಾಗ ನನಗೆ ಇದು ಬರೀ ಚಿತ್ರದ ಹಾಗೆ ಕಂಡಿತ್ತು. ಆ ಬಯಲಿಗೆ ಹಚ್ಚಿ ನೋಡಿದ ಮೇಲೆ ಅರ್ಥವಾಯಿತು. ಬುಡ ಕೀಳುವ ಯಂತ್ರ ರೋಗ ನಿಲ್ಲಿಸುತ್ತದೆ, ಆದರೆ ಅದೇ ಯಂತ್ರ ಮಣ್ಣನ್ನು ಕದಡುತ್ತದೆ. ಅದು ತಂತ್ರಜ್ಞಾನಕ್ಕೂ ಪರಿಸರಕ್ಕೂ ನಡುವಿನ ಎಳೆದಾಟ. ಕೆಂಪು ಓಕ್‌ಗೆ ಒಳ್ಳೆ ಬೆಲೆ ಇದೆ, ಮಿಲ್ಲಿನ ಕೆಲಸಗಾರರ ಮನೆ ಅದರಿಂದ ನಡೆಯುತ್ತದೆ. ಹಾಗಂತ ಅದನ್ನೇ ಮತ್ತೆ ನೆಟ್ಟರೆ ರೋಗಕ್ಕೆ ಮತ್ತೆ ಊಟ ಬಡಿಸಿದ ಹಾಗೆ. ಇನ್ನು ಜನರ ನೋಟ. ಆಯ್ದು ಕಡಿಯುವುದೇ ನಮ್ಮ ಕ್ರಮ ಅಂತ ಅಜ್ಜನ ಕಾಲದಿಂದ ಕೇಳಿ ಬೆಳೆದವರಿಗೆ, ಸರ್ಕಾರ ಕಾಡು ಬೋಳಿಸಿದ ಕಥೆ ಗೊತ್ತಿರುವವರಿಗೆ, ತಮ್ಮವರೇ ಒಂದು ಜಾಗ ಬೋಳು ಮಾಡಿದರೆ ಹೇಗನಿಸುತ್ತದೆ? ಯಾಕೆ ಹೀಗೆ ಮಾಡಿದೆವು ಅಂತ ಊರಿನವರಿಗೆ ವಿವರಿಸುವುದೂ ಸಂರಕ್ಷಣೆಯ ಕೆಲಸವೇ ಅಲ್ವಾ?

ಇಂಥ ಕೆಲಸ ತರಗತಿಯಲ್ಲಿ ಕೂತು ಬರುವುದಿಲ್ಲ. ಇಲ್ಲಿನ ವಿದ್ಯಾರ್ಥಿಗಳು ಇನ್‌ಸ್ಟಿಟ್ಯೂಟ್‌ನಲ್ಲಿ ಇಂಟರ್ನ್ ಆಗಿ ಸೇರಿ ಕಾಡಿನಲ್ಲೇ ಕಲಿಯುತ್ತಾರೆ. ಬುಡಕಟ್ಟು ಕಾಲೇಜುಗಳಲ್ಲಿ ಓದುವವರೆಲ್ಲ ಹದಿನೆಂಟರ ಹುಡುಗ ಹುಡುಗಿಯರಲ್ಲ. ಮನೆ ಮಕ್ಕಳಿರುವವರು, ಕೆಲಸ ಮಾಡುತ್ತಾ ಓದುವವರು, ಮನೆತನದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ಬಹಳ. ದೂರದ ವಿಶ್ವವಿದ್ಯಾಲಯಕ್ಕೆ ಹೋಗಲಾಗದವರಿಗೆ ಮನೆಯ ಹತ್ತಿರ ಸಿಗುವ ಎರಡು ವರ್ಷದ ಪದವಿ ದೊಡ್ಡ ಆಸರೆ. ಕ್ರಿಸ್ಟೋಫರ್ ಕಾಲ್ಡ್‌ವೆಲ್ ಅವರನ್ನೇ ನೋಡಿ. ಇದೇ ಕಾಲೇಜಿನ ವಿದ್ಯಾರ್ಥಿ. ಮುಂದೆ ಹೊರಗೆ ಹೋಗಿ ನೈಸರ್ಗಿಕ ಸಂಪನ್ಮೂಲದಲ್ಲೇ ಓದು ಮುಂದುವರಿಸಿ, ಮರಳಿ ಬಂದು ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾದರು. ಆಮೇಲೆ ಕಾಲೇಜಿನ ಅಧ್ಯಕ್ಷರೇ ಆದರು.

ಇಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟ ನೆನಪಾಗದೆ ಇರುವುದಿಲ್ಲ. ಸೋಲಿಗರು ತರಗಿಗೆ ಸಣ್ಣ ಬೆಂಕಿ ಹಚ್ಚುವ ಪದ್ಧತಿ ಇಟ್ಟುಕೊಂಡಿದ್ದರು. ಅದನ್ನು ನಿಲ್ಲಿಸಲಾಯಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಹೀಗೆ ಹಬ್ಬಿತು ಅಂತ ಸೋಲಿಗರ ಹಿರಿಯರು ಹೇಳುತ್ತಲೇ ಬಂದಿದ್ದಾರೆ. 2011ರಲ್ಲಿ ಅವರಿಗೆ ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೊಡ್ಡ ಹೆಜ್ಜೆ. ಆದರೆ ಆ ಹಿರಿಯರ ತಿಳಿವಳಿಕೆಯೂ ಅಳತೆಯ ಟೇಪೂ ಒಂದೇ ಬೆಂಚಿನಲ್ಲಿ ಕೂರುವಂಥ, ಅವರೇ ನಡೆಸುವ ಒಂದು ಕಾಲೇಜು ಅವರಿಗೂ ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಮತ್ತೆ ಬಯಲಿಗೆ

ಈಗ ನೆಡುವ ವಿಷಯ. ಮೊದಲಾದರೆ ಉತ್ತರ ಸುಲಭ ಇತ್ತು. ಮಣ್ಣು ನೋಡು, ಆ ಮಣ್ಣಿಗೆ ಒಗ್ಗುವ ಮರ ನೆಡು. ಈಗ ಹವಾಮಾನ ಬದಲಾಗುತ್ತಿದೆ. ಇಂದು ನೆಟ್ಟ ಸಸಿ ಬಲಿಯುವುದು 80-100 ವರ್ಷದ ಮೇಲೆ. ಆಗಿನ ಬಿಸಿಲು ಮಳೆ ಇಂದಿನ ಹಾಗೆ ಇರುವುದಿಲ್ಲ. ಪೇಪರ್ ಬರ್ಚ್, ಬಾಲ್ಸಮ್ ಫರ್ ಥರದ ತಂಪು ಬಯಸುವ ಮರಗಳಿಗೆ ವಿಸ್ಕಾನ್ಸಿನ್ ಕಷ್ಟದ ಜಾಗ ಆಗಲಿದೆ ಅಂತ ಅರಣ್ಯ ತಜ್ಞರ ಅಂದಾಜು. ಓಕ್, ಹಿಕರಿ ಥರದ ಮರಗಳಿಗೆ ಅನುಕೂಲ ಜಾಸ್ತಿ ಆಗಲಿದೆ. ಇಲ್ಲಿದೆ ನೋಡಿ ಸಂಕಟ. ಬಿಸಿ ಹೆಚ್ಚಾದಾಗ ಚೆನ್ನಾಗಿ ಬಾಳಬೇಕಾದ ಓಕ್ ಮರವನ್ನೇ ರೋಗ ಕೊಲ್ಲುತ್ತಿದೆ.

ಆದ್ದರಿಂದ ಮೂರೂ ಕಡೆಯವರು ಆ ಬಯಲುಗಳನ್ನು ಪ್ರಯೋಗದ ತಾಕುಗಳಾಗಿ ಮಾಡಿಕೊಂಡರು. ಮುಂದಿನ ಹವಾಮಾನಕ್ಕೂ ಒಗ್ಗಬಹುದಾದ ಬೇರೆ ಬೇರೆ ಜಾತಿಯ ಮರಗಳನ್ನು ಬೆರೆಸಿ ನೆಡುವುದು, ಮರದ ಕೆಳಗೆ ಬೆಳೆಯುವ ಸಣ್ಣ ಗಿಡಗಳನ್ನೂ ಮರೆಯದಿರುವುದು, ಯಾವುದು ಬದುಕುತ್ತದೆ ಅಂತ ಅಳೆದು ಬರೆದಿಡುವುದು. ಹಲಗೆಗೆ ಬಾರದ ಸಣ್ಣ ಗಿಡಗಳಿಗೂ ಜಾಗ ಕೊಟ್ಟದ್ದು ನನಗೆ ತುಂಬಾ ಮುಖ್ಯ ಅನಿಸಿತು. ಔಷಧಿಗೆ, ಊಟಕ್ಕೆ, ಪೂಜೆಗೆ ಬೇಕಾದ ಗಿಡಗಳಿಲ್ಲದೆ ಬರೀ ಮರ ಇದ್ದರೆ ಅದು ತೋಟ ಆಗುತ್ತದೆ, ಕಾಡು ಆಗುವುದಿಲ್ಲ.

ನೆಟ್ಟ ಮೇಲೆ ಜಿಂಕೆ ತಿಂದರೆ? ಇದು ಸಣ್ಣ ಪ್ರಶ್ನೆ ಅಲ್ಲ. ವಿಸ್ಕಾನ್ಸಿನ್‌ನ ಬಹಳಷ್ಟು ಕಾಡುಗಳಲ್ಲಿ ಜಿಂಕೆಗಳು ಜಾಸ್ತಿಯಾಗಿ ಎಳೆ ಸಸಿ ಮೇಲೇಳುವುದೇ ಕಷ್ಟವಾಗಿದೆ. ಡೊನಾಲ್ಡ್ ವಾಲರ್ ಮತ್ತು ನಿಕೋಲಸ್ ರಿಯೊ ಎಂಬ ಇಬ್ಬರು ಸಂಶೋಧಕರು ಬುಡಕಟ್ಟು ಕಾಡುಗಳನ್ನೂ ಪಕ್ಕದ ಬೇರೆ ಕಾಡುಗಳನ್ನೂ ಹೋಲಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೆನೋಮಿನಿ ಕಾಡೂ ಅದರಲ್ಲಿತ್ತು. ಬುಡಕಟ್ಟು ಕಾಡುಗಳಲ್ಲಿ ಮರಗಳು ಹೆಚ್ಚು ಬಲಿತಿದ್ದವು, ಎಳೆ ಸಸಿಗಳು ಹೆಚ್ಚಿದ್ದವು, ಗಿಡಗಳ ವೈವಿಧ್ಯವೂ ಹೆಚ್ಚಿತ್ತು. ಜಿಂಕೆ ಕಡಿಮೆ ಇರುವುದು ಅದಕ್ಕೆ ಒಂದು ಮುಖ್ಯ ಕಾರಣ. ಜಿಂಕೆ ಯಾಕೆ ಕಡಿಮೆ? ಅಲ್ಲಿನ ಜನ ಆಹಾರಕ್ಕಾಗಿ ತಮ್ಮ ನಿಯಮದಂತೆ ಬೇಟೆಯಾಡುತ್ತಾರೆ. ತೋಳಗಳನ್ನೂ ಬದುಕಲು ಬಿಡುತ್ತಾರೆ.

ತಮ್ಮ ನಿಯಮದಂತೆ ಅನ್ನುವ ಮಾತು ಎಲ್ಲಿಂದ ಬಂತು? 1854ರ ಒಪ್ಪಂದದಿಂದ, 1968ರ ತೀರ್ಪಿನಿಂದ. ಆ ಮೊಕದ್ದಮೆ ಸೋತಿದ್ದರೆ ಮೆನೋಮಿನಿ ಜನ ಬೇಟೆಗೆ ರಾಜ್ಯದ ಅನುಮತಿ ಕೇಳುತ್ತಿದ್ದರು, ಕಾಡಿನಲ್ಲಿ ಇನ್ನಷ್ಟು ಜಿಂಕೆ ಇರುತ್ತಿದ್ದವೇನೋ, ಬಯಲಿನ ಸಸಿಗಳ ಗತಿ ಬೇರೆಯೇ ಆಗುತ್ತಿತ್ತೇನೋ. ಚೌಕಟ್ಟಿನ ಆರು ಮುಖಗಳಲ್ಲಿ ನೆಲ ಮತ್ತು ಅಧಿಕಾರ ಮೊದಲು ಬರುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಕಾಣಲಿಲ್ಲ.

ಇದನ್ನೇ ಎಲ್ಲ ಕಡೆಗೂ ಅನ್ವಯಿಸುವ ಮೊದಲು ಒಂದು ಎಚ್ಚರಿಕೆ ಬೇಕು. 1887ರ ಕಾನೂನಿನಿಂದ ಅಮೆರಿಕದ ಬಹಳಷ್ಟು ಮೀಸಲು ಪ್ರದೇಶಗಳನ್ನು ತುಂಡು ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಹಂಚಿದರು. ಆಮೇಲೆ ಆ ತುಂಡುಗಳು ಹೊರಗಿನವರ ಪಾಲಾದವು. ಮೆನೋಮಿನಿ ಜನ ಆ ಹಂಚಿಕೆಗೆ ಒಪ್ಪಲಿಲ್ಲ. ಅದಕ್ಕೇ ಅವರ ಕಾಡು ಒಂದೇ ಮೈಯಾಗಿ ಉಳಿಯಿತು, ಇಡೀ ಕಾಡಿಗೆ ಒಂದೇ ಯೋಜನೆ ಸಾಧ್ಯವಾಯಿತು. ಚದುರಂಗದ ಮಣೆಯ ಹಾಗೆ ಒಡೆದುಹೋದ ನೆಲದಲ್ಲಿ ಇದೇ ಪಾಠ ಹೇಳಿಕೊಡುವ ಕಾಲೇಜಿನ ಕೆಲಸ ಇನ್ನೂ ಕಷ್ಟ.

ದುಡ್ಡಿನ ಮಾತನ್ನೂ ಹೇಳಬೇಕು. ಬುಡಕಟ್ಟು ಕಾಲೇಜುಗಳು ಬಹುಮಟ್ಟಿಗೆ ಕೇಂದ್ರ ಸರ್ಕಾರದ ಹಣದಿಂದ ನಡೆಯುತ್ತವೆ. 2025ರಲ್ಲಿ ಅಮೆರಿಕ ಸರ್ಕಾರದ ಬಜೆಟ್ ಪ್ರಸ್ತಾವ ಈ ಹಣವನ್ನು ನೂರಕ್ಕೆ ಸುಮಾರು 90 ಭಾಗ ಕಡಿತ ಮಾಡುವ ಮಾತಾಡಿತು. ಮರದ ಪ್ರಯೋಗಕ್ಕೆ ತಲೆಮಾರು ಬೇಕು. ಅನುದಾನ ಬರುವುದು ಎರಡು ಮೂರು ವರ್ಷಕ್ಕೆ. ಅಳೆಯುವವರು ಒಂದು ಸಲ ಬಿಟ್ಟುಹೋದರೆ ಹಿಂದಿನ ಅಳತೆಗಳು ಸುಮ್ನೆ ಕಾಗದವಾಗುತ್ತವೆ.

ಕೊನೆಗೆ ಉಳಿಯುವುದು ಹಿಕರಿಯ ಪ್ರಶ್ನೆ. ಬಿಸಿ ಏರಿದಂತೆ ಮರಗಳು ಉತ್ತರಕ್ಕೆ ಸರಿಯುತ್ತವೆ. ದಕ್ಷಿಣದ ಮರಗಳು ಬರುತ್ತವೆ, ಇಲ್ಲಿನವು ಮೇಲೆ ಹೋಗುತ್ತವೆ. ಮೀಸಲು ಪ್ರದೇಶದ ಗಡಿ ಮಾತ್ರ 1850ರ ದಶಕದ ಒಪ್ಪಂದಗಳು ಬರೆದ ಜಾಗದಲ್ಲೇ ನಿಂತಿದೆ. ಕ್ರೋ ವಿಂಗ್‌ಗೆ ಹೋಗುವುದಿಲ್ಲ ಅಂದ ಜನ ಇವರು. ಈಗ ಅವರ ಜೊತೆಗಿದ್ದ ಮರಗಳೇ ಹೊರಡಲು ಸಿದ್ಧವಾಗುತ್ತಿವೆ. ದಕ್ಷಿಣದ ಹಿಕರಿಯನ್ನು ಕೈಯಾರೆ ತಂದು ನೆಡಬೇಕೋ, ತಾನಾಗಿ ಬರಲಿ ಅಂತ ಕಾಯಬೇಕೋ, ಹೆಮ್ಲಾಕ್ ಉಳಿಯುವಷ್ಟು ದಿನ ಅದನ್ನೇ ಕಾಪಾಡಬೇಕೋ? ವಿಜ್ಞಾನಿಗಳು ಲೆಕ್ಕ ಕೊಡಬಹುದು. ತೀರ್ಮಾನ ಮೆನೋಮಿನಿ ಜನರದು. ಸದ್ಯಕ್ಕೆ ಬಯಲುಗಳಲ್ಲಿ ಬೆರಕೆ ಸಸಿಗಳಿವೆ, ಅವುಗಳ ಎತ್ತರ ಬರೆದಿಡುವ ಪುಸ್ತಕ ಇದೆ.